ಕೈಗೆ ಕೆಲಸ, ಕಿವಿಗೆ ಹಾಡು

ಹಾಡು ಕೇಳುವುದು ಒಂದು ಕೆಲಸವೋ, ಬೇರೆ ಕೆಲಸದ ಜೊತೆಗೆ ನಡೆಯುವ ಸಂಗತಿಯೋ? ಪ್ರಶ್ನೆ ತೀರಾ ಸಣ್ಣದು ಅನ್ನಿಸಬಹುದು. ಆದರೆ ನಮ್ಮ ಜೇಬಿನಲ್ಲಿರುವ ಫೋನು ದಿನಕ್ಕೆ ಹತ್ತಾರು ಸಲ ಈ ಪ್ರಶ್ನೆಗೆ ತಾನೇ ಉತ್ತರ ಕೊಟ್ಟುಕೊಳ್ಳುತ್ತಿರುತ್ತದೆ, ಅದೂ ನಮ್ಮನ್ನು ಕೇಳದೆ. ಹಾಡು ಹಚ್ಚಿ ದಾರಿ ನೋಡಲು ಮ್ಯಾಪ್ ತೆರೆದರೆ ಹಾಡು ನಿಲ್ಲುತ್ತದೆ. ವಾಟ್ಸ್ಆ್ಯಪ್ಪಿನಲ್ಲಿ ಬಂದ ಧ್ವನಿ ಸಂದೇಶ ಕೇಳಿ ಮುಗಿಸಿದ ಮೇಲೆ ಹಾಡು ಮರಳಿ ಬರುವುದೇ ಇಲ್ಲ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಯಾವ ಕಾರಣವನ್ನೂ ಹೇಳದೆ ಸುಮ್ಮನಾಗಿಬಿಡುತ್ತದೆ. ಕಾಸು ಕೊಟ್ಟು ಕೊಂಡ ಯಂತ್ರ ಅರ್ಧ ಚರಣಕ್ಕೆ ಬಾಯಿ ಮುಚ್ಚಿದರೆ ಅದನ್ನು ಬರೀ ತಾಂತ್ರಿಕ ದೋಷ ಎಂದು ಬಿಟ್ಟುಬಿಡಬಹುದು. ನನಗೆ ಮಾತ್ರ ಅದರ ಹಿಂದೆ ಒಂದು ಚರಿತ್ರೆ ಕಾಣುತ್ತದೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂದರೆ ಚರಿತ್ರೆ ಬರೆಯುವವರಿಗೆ ಮೊದಲು ಕಾಣುವುದು ಕಲ್ಲು, ಶಾಸನ, ಕೋಟೆ, ಗಣಿ. ಇದೇ ಸೀಮೆಯ ಜನ ಕೆಲಸ ಮಾಡುತ್ತ ಏನು ಕೇಳುತ್ತಿದ್ದರು, ಆ ಕೇಳ್ಮೆ ಯಾವಾಗ ಯಾಕೆ ತುಂಡಾಗುತ್ತಿತ್ತು, ತುಂಡಾದದ್ದನ್ನು ಹೇಗೆ ಜೋಡಿಸಿಕೊಳ್ಳುತ್ತಿದ್ದರು ಎಂಬುದನ್ನು ಯಾರೂ ಕಲ್ಲಿನ ಮೇಲೆ ಕೊರೆದಿಲ್ಲ. ಇದ್ದಷ್ಟು ಸುಳಿವು ಹಿಡಿದು ನಡೆಯಬೇಕು.

ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳ ಸುತ್ತ ಒಂದು ಸುತ್ತು ಹಾಕಿದರೆ ಕುಣಿಯುವವರು, ಕೋಲಾಟದವರು, ವಾದ್ಯ ಬಾರಿಸುವವರು ಸಾಲಾಗಿ ಸಿಗುತ್ತಾರೆ. ಅವರ ಪಕ್ಕದಲ್ಲೇ ಬೇಟೆ, ಕುದುರೆ, ಮೆರವಣಿಗೆ. ಹಾಡಿಗೆಂದು ಬೇರೆ ಗೋಡೆ ಇಲ್ಲ. ವಿಠ್ಠಲ ದೇವಸ್ಥಾನಕ್ಕೆ ಬಂದ ಪ್ರವಾಸಿಗರು ರಂಗಮಂಟಪದ ನಾದದ ಕಂಬಗಳನ್ನು ನೋಡಲು ಮುಗಿಬೀಳುತ್ತಾರೆ. ತಟ್ಟಿ ತಟ್ಟಿ ಕಂಬಗಳು ಸವೆದದ್ದರಿಂದ ಈಗ ಮುಟ್ಟುವಂತಿಲ್ಲ, ಕೇಳುವಂತಿಲ್ಲ, ನೋಡಬಹುದು ಅಷ್ಟೆ. ನಾದಕ್ಕೆ ಹೆಸರಾದ ಕಂಬ ನೋಟದ ವಸ್ತುವಾಗಿ ಉಳಿದಿದೆ. ಅಲ್ಲಿಂದ ಹೊಳೆಯ ಕಡೆ ಇಳಿದರೆ ಪುರಂದರದಾಸರ ಮಂಟಪ. ದಾಸರ ಚಿತ್ರ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ತಂಬೂರಿ. ಆ ವಾದ್ಯಕ್ಕಿರುವುದು ಒಂದೇ ಕೆಲಸ, ಹಾಡುವವನು ಉಸಿರು ತೆಗೆದುಕೊಂಡಾಗಲೂ ನಾದ ಕಡಿಯದಂತೆ ನೋಡಿಕೊಳ್ಳುವುದು.

ಇದೇ ಕೆಲಸವನ್ನು ಬುರ್ರಕಥೆಯಲ್ಲಿ ಹಿಮ್ಮೇಳ ಮಾಡುತ್ತದೆ. ಸಂಡೂರು ಸೀಮೆಯ ದರೋಜಿಯ ಈರಮ್ಮನವರ ಹೆಸರು ನಾಡಿಗೇ ಗೊತ್ತು. ಅಕ್ಷರ ಕಲಿಯದ ಅವರ ನಾಲಿಗೆಯ ಮೇಲೆ ಕಂಪ್ಲಿಯ ಕುಮಾರರಾಮನ ಕಥೆಯೂ ಸೇರಿ ಹಲವು ಮಹಾಕಾವ್ಯಗಳಿದ್ದವು. ೨೦೧೪ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಬುರ್ರಕಥೆಯಲ್ಲಿ ಮುಖ್ಯ ಕಥೆಗಾರ್ತಿ ಹಾಡುತ್ತಾಳೆ, ಮಾತಾಡುತ್ತಾಳೆ, ಹೆಜ್ಜೆ ಹಾಕುತ್ತಾಳೆ, ತಂಬೂರಿ ಮೀಟುತ್ತಾಳೆ. ಒಂದೇ ಹೊತ್ತಿಗೆ ನಾಲ್ಕು ಕೆಲಸ. ಅವಳು ಒಂದು ಸಾಲು ಮುಗಿಸಿ ಮುಂದಿನದನ್ನು ನೆನಪಿಸಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಚರ್ಮವಾದ್ಯ ಹಿಡಿದವರು ಆ ಸಾಲನ್ನು ಎತ್ತಿಕೊಂಡು ತುಂಬಿಸುತ್ತಾರೆ. ರಾತ್ರಿಯಿಡೀ ನಡೆಯುವ ಕಥೆ ಕಡಿಯದೇ ಇರುವ ಗುಟ್ಟು ಇದು. ಇವತ್ತಿನ ಹಾಡಿನ ಆ್ಯಪ್ಪುಗಳು ಮುಂದಿನ ಒಂದಿಷ್ಟು ಭಾಗವನ್ನು ಮೊದಲೇ ಇಳಿಸಿಟ್ಟುಕೊಂಡು, ನೆಟ್‌ವರ್ಕ್ ತಡವಾದರೂ ಹಾಡು ನಿಲ್ಲದಂತೆ ನೋಡಿಕೊಳ್ಳುತ್ತವೆ. ಅದಕ್ಕೆ ಬಫರ್ ಎನ್ನುತ್ತಾರೆ. ನಮ್ಮ ಕಡೆಯ ಹಿಮ್ಮೇಳದವರಿಗೆ ಈ ವಿದ್ಯೆ ಹಳೆಯದು.

ಇವೆಲ್ಲ ಕೇಳಲೆಂದೇ ಕೂತ ಸಭೆಯ ಹಾಡುಗಳಾದವು. ಕೇಳುವವರೇ ಹಾಡುವವರಾಗಿದ್ದ ಹಾಡುಗಳು ಇನ್ನೂ ಹೆಚ್ಚು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಬೀಸುವ ಪದ, ಕಣದಲ್ಲಿ ರಾತ್ರಿ ಎತ್ತು ತುಳಿಸುವಾಗ ಹಂತಿಯ ಪದ, ಕಂಪ್ಲಿಯ ಗದ್ದೆಗಳಲ್ಲಿ ಬೆನ್ನು ಬಗ್ಗಿಸಿ ಭತ್ತದ ಸಸಿ ನೆಡುವಾಗ ಸಾಲು ಸಾಲಾಗಿ ಏಳುವ ಪದ. ಈ ಹಾಡುಗಳು ಕೆಲಸದ ಗತಿಯನ್ನೇ ತಾಳವಾಗಿ ಮಾಡಿಕೊಂಡವು. ಕಲ್ಲು ತಿರುಗುವ ವೇಗ ಹಾಡಿನ ವೇಗ. ರಾತ್ರಿ ಕಣದಲ್ಲಿ ಪದ ನಿಂತರೆ ಎತ್ತಿನ ಹಿಂದೆ ನಡೆಯುವವನಿಗೂ ತೂಕಡಿಕೆ. ಕೆಲಸವೇ ಹಾಡನ್ನು ನಡೆಸುತ್ತಿತ್ತು. ಕೆಲಸ ನಿಂತಾಗ ಹಾಡು ನಿಲ್ಲುತ್ತಿತ್ತೇ ಹೊರತು, ಕೆಲಸ ಇದೆ ಎಂಬ ಕಾರಣಕ್ಕೆ ಹಾಡು ನಿಂತ ಉದಾಹರಣೆ ಇಲ್ಲ.

ಮೊದಲ ಬಾರಿಗೆ ಕೈಯನ್ನೂ ಹಾಡನ್ನೂ ಬೇರೆ ಮಾಡಿದ್ದು ಹಿಟ್ಟಿನ ಗಿರಣಿ. ಜೋಳ ಗಿರಣಿಗೆ ಹೋಯಿತು, ಬೀಸುವ ಕಲ್ಲು ಮೂಲೆಗೆ ಹೋಯಿತು, ಅದರ ಜೊತೆ ಪದವೂ ಹೋಯಿತು. ವಿಜಯಪುರದ ಕಡೆಯ ಹಲಸಂಗಿ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಅಂಥ ಹಾಡುಗಳನ್ನು ಪುಸ್ತಕಕ್ಕೆ ತಂದರು. ಹಾಡು ಉಳಿಯಿತು, ನಿಜ. ಆದರೆ ಪುಸ್ತಕ ಓದಲು ಕಣ್ಣು ಬೇಕು, ಕೂರಲು ಹೊತ್ತು ಬೇಕು. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದು, ಕಾಲುವೆಯಲ್ಲಿ ನೀರು ಬಂದು, ಊರುಗಳಿಗೆ ಕರೆಂಟು ಬಂದ ಮೇಲೆ ನಮ್ಮ ಸೀಮೆಯಲ್ಲಿ ಕೆಲಸದ ಸದ್ದೇ ಬದಲಾಯಿತು. ಕೈಗೆ ಕೆಲಸ ಇದ್ದೇ ಇತ್ತು. ಕಿವಿ ಮಾತ್ರ ಖಾಲಿಯಾಗಿತ್ತು.

ಆ ಖಾಲಿ ಜಾಗಕ್ಕೆ ಬಂದ ಯಂತ್ರಗಳಲ್ಲಿ ಮೊದಲಿನದಾದ ಗ್ರಾಮಫೋನು ಕೆಲಸಗಾರರ ಯಂತ್ರವಲ್ಲ. ಅದಕ್ಕೆ ಕೀಲಿ ಕೊಡಬೇಕು, ಮುಳ್ಳು ಬದಲಿಸಬೇಕು, ಮೂರು ನಿಮಿಷಕ್ಕೊಮ್ಮೆ ತಟ್ಟೆ ಮಗುಚಬೇಕು. ಸ್ಪ್ರಿಂಗು ಸಡಿಲಾದರೆ ಗಾಯಕಿಯ ದನಿ ಗಂಡಸಿನ ದನಿಯಾಗಿ ಇಳಿದು ನಿಲ್ಲುತ್ತಿತ್ತು. ಎರಡೂ ಕೈ ಬಿಡುವಿದ್ದ ಮನೆಗಳಿಗೆ ಹೇಳಿ ಮಾಡಿಸಿದ ವಸ್ತು. ಹಳ್ಳಿಯವರು ಅದನ್ನು ಹೆಚ್ಚಾಗಿ ಕೇಳಿದ್ದು ಟೆಂಟ್ ಸಿನಿಮಾದ ಲೌಡ್‌ಸ್ಪೀಕರಿನಲ್ಲಿ. ಅಲ್ಲಿ ಹಾಡು ನಿಂತಿತೆಂದರೆ ಅದೇ ಒಂದು ಸುದ್ದಿ, ಪಿಕ್ಚರ್ ಶುರುವಾಯಿತು ಎಂದು ಅರ್ಥ. ಗದ್ದೆಯಲ್ಲಿದ್ದವರು ಆ ಮೌನ ಕೇಳಿಯೇ ಹೆಜ್ಜೆ ಬಿರುಸು ಮಾಡುತ್ತಿದ್ದರು.

ರೇಡಿಯೋ ಬಂದದ್ದು ಬೇರೆಯ ಕಥೆ. ೧೯೫೦ರ ಜನವರಿ ೮ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಶುರುವಾಯಿತು. ಆಗ ಧಾರವಾಡ ಮುಂಬಯಿ ರಾಜ್ಯದಲ್ಲಿ, ಹೊಸಪೇಟೆ ಮದ್ರಾಸ್ ರಾಜ್ಯದಲ್ಲಿ. ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದು ೧೯೫೩ರ ಅಕ್ಟೋಬರ್ ೧ರಂದು, ಎಲ್ಲ ಒಂದೇ ರಾಜ್ಯವಾದದ್ದು ೧೯೫೬ರಲ್ಲಿ. ಭೂಪಟ ಕೂಡುವ ಮುಂಚೆಯೇ ಕನ್ನಡದ ದನಿ ಗಡಿ ಲೆಕ್ಕಿಸದೆ ಗಾಳಿಯಲ್ಲಿ ಹೊರಟಿತ್ತು. ಶುರುವಿನ ದೊಡ್ಡ ವಾಲ್ವ್ ರೇಡಿಯೋಗಳಿಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಿತ್ತು, ಏರಿಯಲ್ ತಂತಿ ಕಟ್ಟಬೇಕಿತ್ತು. ಆದರೆ ಒಮ್ಮೆ ಕಿವಿ ತಿರುವಿದರೆ ಮುಗಿಯಿತು. ಆಮೇಲೆ ಅದು ನಿಮ್ಮ ಕಣ್ಣನ್ನೂ ಕೇಳುವುದಿಲ್ಲ, ಕೈಯನ್ನೂ ಕೇಳುವುದಿಲ್ಲ. ಹೆಂಗಸರು ಒಳಗೆ ಅಡುಗೆ ಮಾಡುತ್ತ, ಗಂಡಸರು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತ ಒಂದೇ ಪೆಟ್ಟಿಗೆಯನ್ನು ಕೇಳಬಹುದಿತ್ತು. ಪಂಚಾಯಿತಿಯ ರೇಡಿಯೋ ಇದ್ದ ಊರುಗಳಲ್ಲಿ ಇಡೀ ಓಣಿಗೇ ಒಂದು ಪೆಟ್ಟಿಗೆ.

ಹಾಡನ್ನು ತಡೆಯುವ ಕೈ ದೆಹಲಿಯಲ್ಲೂ ಇತ್ತು. ಕೇಂದ್ರದಲ್ಲಿ ಪ್ರಸಾರ ಖಾತೆ ನೋಡುತ್ತಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡುಗಳು ಹಿಡಿಸಲಿಲ್ಲ. ೧೯೫೨ರ ಹೊತ್ತಿಗೆ ಆಕಾಶವಾಣಿಯಲ್ಲಿ ಅವು ಹೆಚ್ಚೂಕಡಿಮೆ ನಿಂತೇಹೋದವು. ಜನ ಏನು ಮಾಡಿದರು? ಮುಳ್ಳು ತಿರುವಿ ರೇಡಿಯೋ ಸಿಲೋನ್ ಹಿಡಿದರು. ಐದು ವರ್ಷ ಕಳೆದ ಮೇಲೆ, ೧೯೫೭ರಲ್ಲಿ, ಆಕಾಶವಾಣಿಯೇ ಸೋತು ವಿವಿಧ ಭಾರತಿಯನ್ನು ಶುರುಮಾಡಿತು. ನಮ್ಮ ದೇಶದಲ್ಲಿ ಕೇಳುಗರು ಒಂದು ಸರ್ಕಾರಿ ತೀರ್ಮಾನವನ್ನು ಮುಳ್ಳು ತಿರುವಿಯೇ ಬದಲಿಸಿದ ಪ್ರಸಂಗ ಇದು. ಆ ಮುಳ್ಳು ಅವರ ಕೈಯಲ್ಲಿತ್ತು ಎನ್ನುವುದನ್ನು ಮರೆಯಬಾರದು.

ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೋ ಬದುವಿನ ಮೇಲೆ ಕೂತಿತು, ಸೈಕಲ್ಲಿನ ಹ್ಯಾಂಡಲ್ಲಿಗೆ ಜೋತುಬಿತ್ತು, ಕಬ್ಬು ಕಡಿಯುವವರ ಜೊತೆ ಹೊಲಕ್ಕೆ ಹೋಯಿತು. ಹಾಡು ನಿಲ್ಲುವುದಕ್ಕೆ ಆಗಲೂ ಕಾರಣಗಳಿದ್ದವು. ಎಲ್ಲವೂ ಎಲ್ಲರಿಗೂ ಗೊತ್ತಿರುವ ಕಾರಣಗಳು. ದನಿ ನಿಧಾನಕ್ಕೆ ಸಣ್ಣಗಾದರೆ ಸೆಲ್ಲು ಇಳಿದಿದೆ, ಬಿಸಿಲಿಗಿಟ್ಟರೆ ಇನ್ನೆರಡು ದಿನ ಬರುತ್ತದೆ. ಅಲೆಅಲೆಯಾಗಿ ಹೋಗಿ ಬಂದರೆ ಶಾರ್ಟ್‌ವೇವ್, ಕಾಯಬೇಕು. ಗರಗರ ಎಂದರೆ ರೇಡಿಯೋವನ್ನು ಒಂದು ಸುತ್ತು ತಿರುಗಿಸಿಡಬೇಕು. ಎಂಟು ವರ್ಷದ ಹುಡುಗನೂ ಈ ರೋಗಗಳಿಗೆ ಮದ್ದು ಹೇಳುತ್ತಿದ್ದ.

ಕ್ಯಾಸೆಟ್ಟಿನ ಕಾಲವೂ ಹಾಗೇ. ೧೯೭೮ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳನ್ನು ಕ್ಯಾಸೆಟ್ಟಿನ ಹಾದಿಗೆ ಹಚ್ಚಿತು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾಗಿ ನಾಟಕದ ಹಾಡು, ದಾಸರ ಪದ, ಶರೀಫರ ಪದ, ಮೊಹರಮ್ಮಿನ ಪದ ಎಲ್ಲವೂ ಅಂಗಡಿಯಲ್ಲಿ ನೇತಾಡಿದವು. ಸಂಡೂರಿನಿಂದ ಅದಿರು ಹೊತ್ತು ಇಳಿಯುವ ಲಾರಿಗಳ ಕ್ಯಾಬಿನ್ನಿನಲ್ಲಿ ಟೇಪು ಇಲ್ಲದಿದ್ದರೆ ಡ್ರೈವರ್ ಗಾಡಿ ಹತ್ತುತ್ತಿರಲಿಲ್ಲ ಎಂದು ಹಳಬರು ನಗುತ್ತಾರೆ. ನಗು ಅರ್ಧ, ನಿಜ ಅರ್ಧ. ಘಾಟಿಯ ತಿರುವುಗಳಲ್ಲಿ, ಕೆಂಪು ಧೂಳಿನಲ್ಲಿ, ನಡುರಾತ್ರಿಯಲ್ಲಿ ಹಾಡು ಮನರಂಜನೆಯಲ್ಲ, ಎಚ್ಚರದ ಮದ್ದು. ಕಣದ ಹಂತಿ ಪದ ಮಾಡುತ್ತಿದ್ದ ಕೆಲಸವನ್ನೇ ಕ್ಯಾಬಿನ್ನಿನ ಟೇಪು ಮಾಡುತ್ತಿತ್ತು. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದರು. ದನಿ ಮಂಕಾದರೆ ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ಡು ಒರೆಸುತ್ತಿದ್ದರು. ಹರಿದರೆ ಅಂಟಿಸುತ್ತಿದ್ದರು, ಅಂಟಿಸಿದಲ್ಲಿ ಒಂದು ಅಕ್ಷರ ನುಂಗಿಹೋಗುತ್ತಿತ್ತು.

ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಕಡೆ ನಾನು ಆಗಾಗ ಹೋಗಿ ಕೂರುವ ಒಂದು ಸಣ್ಣ ರಿಪೇರಿ ಅಂಗಡಿಯಿದೆ. ಅಪ್ಪನ ಕಾಲಕ್ಕೆ ರೇಡಿಯೋ, ಮಗನ ಹರೆಯದಲ್ಲಿ ಟೇಪ್‌ರೆಕಾರ್ಡರ್, ಈಗ ಮೊಬೈಲು. ಕೌಂಟರಿನ ಮರದ ಹಲಗೆ ಮಾತ್ರ ಅದೇ, ಬೆಸುಗೆಯ ಕಾವಿಗೆ ಸುಟ್ಟ ಕಲೆಗಳ ಸಮೇತ. ಎರಡು ಸಾವಿರದ ದಶಕದ ಕೊನೆಗೆ ಈ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದದ್ದು ನನಗೆ ನೆನಪಿದೆ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ಸಾಲು. ಬಟನ್ ಫೋನು, ಅದರಲ್ಲಿ ಒಂದೋ ಎರಡೋ ಜಿ.ಬಿ. ಕಾರ್ಡು, ಅದರ ತುಂಬ ಎಂಪಿ೩. ಫೋನ್ ಕರೆ ಬಂದರೆ ಹಾಡು ನಿಲ್ಲುತ್ತಿತ್ತು, ಕರೆ ಮುಗಿದರೆ ನಿಂತಲ್ಲಿಂದ ಮುಂದುವರಿಯುತ್ತಿತ್ತು. ಪರದೆ ಆರಿದರೂ ಹಾಡುತ್ತಿತ್ತು, ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗಿಳಿದರೂ ಹಾಡುತ್ತಿತ್ತು. ಅದಕ್ಕೆ ಬೇರೆ ಕೆಲಸವೇ ಹೆಚ್ಚು ಇರಲಿಲ್ಲ.

ಸ್ಮಾರ್ಟ್‌ಫೋನಿಗೆ ಕೆಲಸ ನೂರಾರು. ತೊಂದರೆ ಶುರುವಾದದ್ದು ಅಲ್ಲಿ. ಇದರ ಚರಿತ್ರೆ ಎರಡು ದಾರಿಯಲ್ಲಿ ನಡೆದಿದೆ, ಎರಡೂ ಒಂದಕ್ಕೊಂದು ಎದುರು. ೨೦೦೭ರಲ್ಲಿ ಬಂದ ಐಫೋನಿನಲ್ಲಿ ಆ್ಯಪಲ್ ಕಂಪನಿಯ ಸ್ವಂತ ಹಾಡಿನ ಆ್ಯಪ್ ಮಾತ್ರ ಹಿಂದೆ ನಿಂತು ಹಾಡಬಹುದಿತ್ತು. ಆಮೇಲೆ ಬಂದ ಬೇರೆಯವರ ಆ್ಯಪ್ಪುಗಳನ್ನು ಬಿಟ್ಟು ಹೊರಬಂದರೆ ಅವು ಅಲ್ಲೇ ನಿಲ್ಲುತ್ತಿದ್ದವು. ಬ್ಯಾಟರಿ ಉಳಿಯಬೇಕು ಎನ್ನುವುದು ಕಂಪನಿಯ ವಾದ. ೨೦೧೦ರಲ್ಲಿ ಐಓಎಸ್ ೪ ಬಂದಾಗ ಹಿನ್ನೆಲೆಯಲ್ಲಿ ಹಾಡುವ ಅನುಮತಿ ಎಲ್ಲ ಆ್ಯಪ್ಪುಗಳಿಗೂ ಸಿಕ್ಕಿತು. ಆಂಡ್ರಾಯ್ಡ್ ೨೦೦೮ರಲ್ಲಿ ಶುರುವಾದದ್ದು ತದ್ವಿರುದ್ಧವಾಗಿ. ಯಾರು ಬೇಕಾದರೂ ಹಿಂದೆ ಕೂತು ಏನು ಬೇಕಾದರೂ ಮಾಡಬಹುದು. ಮಾಡಿದರು ಕೂಡ. ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯತೊಡಗಿತು. ಆಗ ಬಾಗಿಲು ಒಂದೊಂದಾಗಿ ಮುಚ್ಚಿದವು. ೨೦೧೫ರ ಆಂಡ್ರಾಯ್ಡ್ ೬ರಲ್ಲಿ, ಮುಟ್ಟದೆ ಬಿಟ್ಟ ಫೋನನ್ನು ಮಲಗಿಸುವ ಡೋಜ್ ಬಂತು. ೨೦೧೭ರ ಆಂಡ್ರಾಯ್ಡ್ ೮ ಹಿನ್ನೆಲೆ ಕೆಲಸಗಳಿಗೆ ಮಿತಿ ಹಾಕಿತು. ಮರುವರ್ಷದ ಆಂಡ್ರಾಯ್ಡ್ ೯ ನೀವು ಯಾವ ಆ್ಯಪ್ ಎಷ್ಟು ಬಳಸುತ್ತೀರಿ ಎಂದು ನೋಡಿ ಅವುಗಳನ್ನು ದರ್ಜೆಗಳಾಗಿ ವಿಂಗಡಿಸಿತು. ಇದರ ಮೇಲೆ ಹಲವು ಫೋನ್ ತಯಾರಕರು ತಮ್ಮದೇ ಬಿಗಿಯನ್ನೂ ಸೇರಿಸಿದರು. ಬೇಸತ್ತ ಆ್ಯಪ್ ತಯಾರಕರು ‘ನನ್ನ ಆ್ಯಪ್ ಕೊಲ್ಲಬೇಡಿ’ ಎಂಬರ್ಥದ ಹೆಸರಿಟ್ಟು ಒಂದು ಜಾಲತಾಣವನ್ನೇ ತೆರೆದು, ಯಾವ ಫೋನು ಎಷ್ಟು ನಿರ್ದಯಿ ಎಂದು ಪಟ್ಟಿ ಮಾಡಿದರು.

ನಮ್ಮಲ್ಲಿ ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಮೆಮೊರಿ ಕಾರ್ಡಿನ ಸಾಲು ಕರಗಿತು. ಹಾಡು ಕಾರ್ಡಿನಿಂದ ಗಾಳಿಗೆ ಹೋಯಿತು. ಕೈಗೆ ಬಂದದ್ದು ಕಡಿಮೆ ಬೆಲೆಯ, ಎರಡು ಮೂರು ಜಿ.ಬಿ. ರ್ಯಾಮಿನ ಫೋನುಗಳು. ಹಾಡು ತುಂಡಾಗುವ ಎಲ್ಲ ಕಾರಣಗಳೂ ಒಂದೇ ಕಡೆ ಸೇರಿದವು.

ಮನೆಯಲ್ಲಿ ಇದನ್ನು ಮೊದಲು ಗಮನಿಸಿದ್ದು ಅವ್ವ. ಅವಳಿಗೆ ಕಣ್ಣು ಮಸುಕು. ಸಣ್ಣ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ನಾನು ದಾಸರ ಪದ ಹಚ್ಚಿಕೊಟ್ಟರೆ ಫೋನನ್ನು ಅಡುಗೆಮನೆಯ ನಾಗೊಂದಿಗೆಯ ಮೇಲಿಟ್ಟು ರೊಟ್ಟಿಗೆ ಕೂರುತ್ತಾಳೆ. ಮೂರನೆಯ ರೊಟ್ಟಿಗೋ ನಾಲ್ಕನೆಯ ರೊಟ್ಟಿಗೋ ಹಾಡು ನಿಲ್ಲುತ್ತಿತ್ತು.

“ಏನೋ ತಮ್ಮಾ ಇದು, ರೊಟ್ಟಿ ಬಡಿಯಾಕ ಕುಂತ್ರ ಸಾಕು, ನಿಂತುಬಿಡ್ತೈತಿ. ನನ್ನ ಕೈಯೆಲ್ಲ ಹಿಟ್ಟು. ಮುಟ್ಟಂಗಿಲ್ಲ, ಬಿಡಂಗಿಲ್ಲ” ಎಂದಳು ಒಂದು ದಿನ.

“ನೀ ಅದನ್ನ ನೋಡವಲ್ಲಿ, ಅದಕ್ಕ ಮಕ್ಕಂಡೈತವ್ವಾ” ಎಂದೆ.

“ನೋಡಾದೇನೈತಿ ಅದ್ರಾಗ? ಕೇಳಾಕತ್ತೀನಲ್ಲ!”

ಈ ಮಾತಿನ ಮೇಲೆ ನನಗೆ ಹೇಳಲು ಏನೂ ಉಳಿಯಲಿಲ್ಲ. ಫೋನು ತನ್ನನ್ನು ಯಾರೋ ಬಳಸುತ್ತಿದ್ದಾರೆ ಎಂದು ತಿಳಿಯುವುದು ಬಹುಮಟ್ಟಿಗೆ ಬೆರಳು ಮತ್ತು ಪರದೆಯ ಮೂಲಕ. ಬೆಳಗಿದ ಪರದೆ, ಸರಿದಾಡುವ ಬೆರಳು ಅದಕ್ಕೆ ಬಳಕೆಯ ಗುರುತು. ಹಿಟ್ಟಿನ ಕೈಯ ಹೆಂಗಸು, ಸಂಡೂರಿನಲ್ಲಿ ಸೂಜಿ ಹಿಡಿದು ಲಂಬಾಣಿ ಕಸೂತಿ ಹಾಕುವ ಹೆಂಗಸು, ಕಂಪ್ಲಿಯಲ್ಲಿ ಕೆಸರಿನಲ್ಲಿ ನಿಂತು ಸಸಿ ನೆಡುವ ಹೆಂಗಸು, ಸ್ಟೇರಿಂಗ್ ಹಿಡಿದ ಡ್ರೈವರ್, ಇವರು ಯಾರೂ ಪರದೆ ಮುಟ್ಟುವುದಿಲ್ಲ. ಹಾಗಾಗಿ ಫೋನಿನ ಲೆಕ್ಕದಲ್ಲಿ ಇವರು ಅಲ್ಲಿ ಇಲ್ಲ.

ತಮಾಷೆಯೆಂದರೆ ಆಂಡ್ರಾಯ್ಡ್ ಬರೆದ ಎಂಜಿನಿಯರುಗಳಿಗೆ ಇದು ಗೊತ್ತಿಲ್ಲದೇ ಇರಲಿಲ್ಲ. ರ್ಯಾಮ್ ತುಂಬಿದಾಗ ಯಾವ ಆ್ಯಪ್ಪನ್ನು ಮೊದಲು ಹೊರಹಾಕಬೇಕು, ಯಾವುದನ್ನು ಕೊನೆಗೆ ಎಂದು ಅದರೊಳಗೆ ಒಂದು ಶ್ರೇಣಿಯಿದೆ. ಪರದೆಯ ಮೇಲಿರುವುದಕ್ಕೆ ಮೊದಲ ಸ್ಥಾನ. ಅದರ ಕೆಳಗೆ ‘ಪರ್ಸೆಪ್ಟಿಬಲ್’ ಎಂಬ ಒಂದು ವರ್ಗ. ಕಣ್ಣಿಗೆ ಕಾಣುತ್ತಿಲ್ಲ, ಆದರೂ ಬಳಸುವವರ ಅರಿವಿನಲ್ಲಿದೆ ಎಂದು ಅರ್ಥ. ಅದಕ್ಕೆ ಅವರು ಕೊಟ್ಟಿರುವ ಉದಾಹರಣೆಯೇ ಹಿನ್ನೆಲೆಯಲ್ಲಿ ನುಡಿಯುತ್ತಿರುವ ಹಾಡು. ಆದಷ್ಟೂ ಇದನ್ನು ಕೊಲ್ಲಬಾರದು ಎಂದು ಬರೆದೂ ಇದ್ದಾರೆ. ಅವ್ವ ಹೇಳಿದ್ದನ್ನೇ ಅವರೂ ಹೇಳಿದ್ದಾರೆ. ಹಾಡಿನ ಆ್ಯಪ್ ತಾನು ಹಾಡುತ್ತಿದ್ದೇನೆ ಎಂದು ಸರಿಯಾಗಿ ಹೇಳಿಕೊಂಡರೆ ಈ ರಕ್ಷಣೆ ಸಿಗುತ್ತದೆ. ಹಾಡುವಾಗ ಫೋನಿನ ಮೇಲ್ಭಾಗದಲ್ಲಿ ನಿಲ್ಲಿಸು, ಮುಂದಿನದು ಎಂಬ ಗುಂಡಿಗಳ ಪಟ್ಟಿ ಕಾಣುತ್ತದಲ್ಲ, ಅದು ಅಂಥ ಹೇಳಿಕೆಯ ಗುರುತು. ರ್ಯಾಮ್ ತೀರಾ ಕಡಿಮೆಯಿದ್ದಾಗ, ಅಥವಾ ತಯಾರಕರ ಬ್ಯಾಟರಿ ಉಳಿತಾಯ ಈ ಶ್ರೇಣಿಯನ್ನೇ ಮೀರಿ ನಡೆದಾಗ ರಕ್ಷಣೆ ಮುರಿಯುತ್ತದೆ.

ಹಳೆಯ ರೇಡಿಯೋದ ರೋಗಗಳ ಹಾಗೆ ಇದಕ್ಕೂ ಲಕ್ಷಣ ನೋಡಿ ಮದ್ದು ಹೇಳಬಹುದು. ರಿಪೇರಿ ಅಂಗಡಿಯವರಿಂದಲೂ ನನ್ನ ತಡಕಾಟದಿಂದಲೂ ಕಲಿತದ್ದನ್ನು ಇಲ್ಲಿ ಇಡುತ್ತೇನೆ. ಹಾಡು ನಿಂತ ಮೇಲೆ ಆ್ಯಪ್ಪಿಗೆ ಮರಳಿ ಹೋಗಿ. ಅದು ಹೊಸದಾಗಿ ತೆರೆಯುವಂತೆ ಕಂಪನಿಯ ಚಿಹ್ನೆ ತೋರಿಸಿ ಶುರುವಾದರೆ, ಫೋನು ಅದನ್ನು ಕೊಂದಿದೆ. ಹಾಡು ನಿಂತ ಜಾಗದಲ್ಲೇ ತಣ್ಣಗೆ ಕೂತಿದ್ದರೆ, ಬೇರೆ ಯಾವುದೋ ಆ್ಯಪ್ ದನಿಯನ್ನು ಕಸಿದುಕೊಂಡಿದೆ. ಎರಡಕ್ಕೂ ಮದ್ದು ಬೇರೆ.

ಕೊಂದಿದ್ದರೆ ಫೋನಿನ ಸೆಟ್ಟಿಂಗ್ಸಿಗೆ ಹೋಗಿ, ಆ್ಯಪ್ಪುಗಳ ಪಟ್ಟಿಯಲ್ಲಿ ಹಾಡಿನ ಆ್ಯಪ್ಪನ್ನು ತೆರೆದು, ಬ್ಯಾಟರಿ ಎಂಬಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಎಂದು ಆರಿಸಬೇಕು. ಕೆಲವು ಫೋನುಗಳಲ್ಲಿ ‘ಆಟೋಸ್ಟಾರ್ಟ್’ ಎಂಬ ಇನ್ನೊಂದು ಅನುಮತಿ ಇರುತ್ತದೆ, ಅದನ್ನೂ ಕೊಡಬೇಕು. ಇತ್ತೀಚೆಗೆ ಬಳಸಿದ ಆ್ಯಪ್ಪುಗಳ ಸಾಲಿನಲ್ಲಿ ಹಾಡಿನ ಆ್ಯಪ್ಪಿಗೆ ಬೀಗದ ಗುರುತು ಹಾಕುವ ಸೌಲಭ್ಯವಿದ್ದರೆ ಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಒರೆಸಿಹಾಕುವ ಚಟವಿದ್ದರೆ ಹಾಡಿನ ಮಟ್ಟಿಗಾದರೂ ಬಿಡಬೇಕು. ಫೋನು ವೇಗ ಮಾಡುತ್ತೇವೆ ಎಂದು ಹೇಳಿಕೊಳ್ಳುವ ಕ್ಲೀನರ್ ಆ್ಯಪ್ಪುಗಳನ್ನು ತೆಗೆದುಹಾಕಬೇಕು. ಅವು ಮಾಡುವ ಕೆಲಸವೇ ಹಿಂದಿರುವವರನ್ನು ಕೊಲ್ಲುವುದು. ಮ್ಯಾಪ್, ಕ್ಯಾಮೆರಾದಂಥ ಭಾರದ ಆ್ಯಪ್ ತೆರೆದಾಗ ಮಾತ್ರ ಹಾಡು ಸಾಯುತ್ತಿದ್ದರೆ ಅದು ರ್ಯಾಮಿನ ಕೊರತೆ. ಬೇಡದ್ದನ್ನು ಮುಚ್ಚಿ ಭಾರ ಇಳಿಸಬಹುದು, ಪೂರ್ತಿ ಗುಣವಾಗುವ ರೋಗವಲ್ಲ.

ದನಿ ಕಸಿದುಕೊಂಡಿದ್ದರೆ ಅದು ನಿಯಮ. ೨೦೧೦ರ ಆಂಡ್ರಾಯ್ಡ್ ೨.೨ರಿಂದ ‘ಆಡಿಯೋ ಫೋಕಸ್’ ಎಂಬ ಏರ್ಪಾಡಿದೆ. ಸಭೆಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುವಂಥ ಶಿಸ್ತು. ಮ್ಯಾಪಿನ ದನಿ ಎಡಕ್ಕೆ ತಿರುಗಿ ಎಂದಾಗ ಹಾಡು ಸಣ್ಣಗಾಗಿ, ಮತ್ತೆ ಏರಬೇಕು. ಧ್ವನಿ ಸಂದೇಶ ಮುಗಿದ ಮೇಲೆ ಮಾತು ಹಾಡಿಗೆ ಮರಳಬೇಕು. ಕೆಲವು ಆ್ಯಪ್ಪುಗಳು ಪಡೆದುಕೊಂಡದ್ದನ್ನು ಮರಳಿಸುವುದಿಲ್ಲ, ಕೆಲವು ಮರಳಿ ಬಂದರೂ ಏಳುವುದಿಲ್ಲ. ಹಂಪಿಯ ಮಾತಂಗ ಬೆಟ್ಟದ ಮೇಲೆ ಹಾಡು ಕೇಳುತ್ತ ಕೂತ ಹುಡುಗರು ಸೂರ್ಯೋದಯದ ವಿಡಿಯೋ ಹಿಡಿಯಲು ಹೋದ ಕೂಡಲೇ ಹಾಡು ನಿಲ್ಲುವುದಕ್ಕೆ ಕಾರಣ ಇದೇ. ವಿಡಿಯೋಗೆ ಸುತ್ತಲಿನ ದನಿ ಬೇಕು, ಅದಕ್ಕೆ ಕ್ಯಾಮೆರಾ ಹಾಡನ್ನು ಸುಮ್ಮನಿರಿಸುತ್ತದೆ. ಇದಕ್ಕೆ ಮದ್ದು ಎಂದರೆ ಆ್ಯಪ್ಪುಗಳನ್ನು ಹೊಸದು ಮಾಡಿಕೊಳ್ಳುವುದು, ಇಲ್ಲವೇ ಹಾಡಿಗೆ ಬೇರೆ ಆ್ಯಪ್ ಹುಡುಕುವುದು.

ಒಂದೇ ಜಾಗದಲ್ಲಿ, ಹೇಳಿ ಸಂಡೂರಿನ ಗುಡ್ಡದ ತಿರುವಿನಲ್ಲಿ, ದಿನಾಲೂ ನಿಂತರೆ ಅದು ನೆಟ್‌ವರ್ಕು. ಹಾಡುಗಳನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡುವುದು ಲೇಸು. ಮೆಮೊರಿ ಕಾರ್ಡಿನ ಬುದ್ಧಿಗೆ ಮರಳುವುದು ಅಂದುಕೊಳ್ಳಿ. ಕೊನೆಯ ಕಾರಣ ದುಡ್ಡು. ಯೂಟ್ಯೂಬಿನಲ್ಲಿ ಹಾಡು ಹಚ್ಚಿ ಹೊರಬಂದರೆ ನಿಲ್ಲುವುದು ದೋಷವಲ್ಲ, ವ್ಯಾಪಾರ. ೨೦೧೯ರ ಮಾರ್ಚಿನಲ್ಲಿ ನಮ್ಮ ದೇಶಕ್ಕೆ ಬಂದ ಅದರ ಪ್ರೀಮಿಯಂ ಚಂದಾದಲ್ಲಿ ಮಾರಾಟಕ್ಕಿರುವ ಸರಕುಗಳಲ್ಲಿ ಹಿನ್ನೆಲೆಯಲ್ಲಿ ಹಾಡುವುದೂ ಒಂದು. ಜಾಹೀರಾತು ನೋಡುವ ಕಣ್ಣಿಗೆ ಬೆಲೆಯಿದೆ, ಬರೀ ಕೇಳುವ ಕಿವಿಗೆ ಇಲ್ಲ. ರೊಟ್ಟಿ ಬಡಿಯುವವಳು ಕೇಳಬೇಕೆಂದರೆ ಅವಳೇ ತಿಂಗಳ ದುಡ್ಡು ಕೊಡಬೇಕು.

ಇಷ್ಟೆಲ್ಲ ಮದ್ದು ಹೇಳಿದ ಮೇಲೂ ನನ್ನ ತಕರಾರು ಉಳಿದಿದೆ. ಸೆಲ್ಲು ಇಳಿದರೆ ದನಿ ಸಣ್ಣಗಾಗುತ್ತಿತ್ತು, ಟೇಪು ಸಿಕ್ಕಿದರೆ ಕಿರ್ ಎನ್ನುತ್ತಿತ್ತು, ಕರೆಂಟು ಹೋದರೆ ದೀಪವೂ ಹೋಗುತ್ತಿತ್ತು. ಹಾಡು ನಿಲ್ಲುವ ಮುಂಚೆ, ಇಲ್ಲವೇ ನಿಂತ ಕೂಡಲೇ, ಯಂತ್ರ ತನ್ನ ಕಾರಣವನ್ನು ಹೇಳಿಬಿಡುತ್ತಿತ್ತು. ಕೇಸ್ಕರ್ ಅವರ ಹೆಸರಾದರೂ ಪೇಪರಿನಲ್ಲಿ ಬರುತ್ತಿತ್ತು. ಫೋನು ಕಾರಣ ಹೇಳುವುದಿಲ್ಲ. ಸರಿಮಾಡುವ ಗುಂಡಿ ಆರು ಪುಟ ಒಳಗೆ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದು ಬೇಕಾಗಿರುವುದು ಪರದೆ ನೋಡದವರಿಗೆ, ಇಟ್ಟಿರುವುದು ಪರದೆಯ ಆಳದಲ್ಲಿ. ಬೆಳಗಿನ ಹಾಡಿಗೂ ಮಗನನ್ನು ಕಾಯುವ ಪರಿಸ್ಥಿತಿ ಅವ್ವನಿಗೆ ರೇಡಿಯೋ ಕಾಲದಲ್ಲಿ ಇರಲಿಲ್ಲ. ಅವಳೇ ಕಿವಿ ತಿರುವುತ್ತಿದ್ದಳು.

ಹೊಸಪೇಟೆಯಲ್ಲಿ ಆಕಾಶವಾಣಿಯ ಎಫ್.ಎಂ. ಕೇಂದ್ರ ಇವತ್ತಿಗೂ ಇದೆ. ಅವ್ವ ಅದನ್ನು ಬಿಟ್ಟಿಲ್ಲ. ಆದರೆ ತನಗೆ ಬೇಕಾದ ಪದ ಬೇಕಾದ ಹೊತ್ತಿಗೆ ಕೇಳುವ ರುಚಿ ಒಮ್ಮೆ ಹತ್ತಿದ ಮೇಲೆ ಅದನ್ನೂ ಬಿಡಲಾರಳು. ಬಿಡು ಎನ್ನಲು ನಾನು ಯಾರು? ಅವಳ ಫೋನಿನಲ್ಲಿ ಬ್ಯಾಟರಿಯ ಕಟ್ಟು ಬಿಚ್ಚಿ, ನಲವತ್ತು ಪದಗಳನ್ನು ಒಳಗೇ ಇಳಿಸಿಟ್ಟು, ಮುಖಪುಟದಲ್ಲಿ ಒಂದೇ ಒಂದು ದೊಡ್ಡ ಗುಂಡಿ ಬಿಟ್ಟು ಮಿಕ್ಕದ್ದನ್ನೆಲ್ಲ ತೆಗೆದಿದ್ದೇನೆ. ಈಗ ರೊಟ್ಟಿಯ ಬುಟ್ಟಿ ತುಂಬುವವರೆಗೂ ಹಾಡು ನಡೆಯುತ್ತದೆ.

ರಿಪೇರಿ ಅಂಗಡಿಯಲ್ಲಿ ಇತ್ತೀಚೆಗೆ ಒಂದು ಹೊಸ ರೂಢಿ ನೋಡಿದೆ. ಫೋನು ಸರಿಮಾಡಿ ಕೊಡುವ ಮುಂಚೆ ಅಂಗಡಿಯವರು ಗಿರಾಕಿಯ ಕೈ ನೋಡುತ್ತಾರೆ. ಅಂಗೈಯಲ್ಲಿ ಮಣ್ಣೋ ಗ್ರೀಸೋ ಅದಿರಿನ ಕೆಂಪೋ ಕಂಡರೆ ಕೇಳುತ್ತಾರೆ: “ಅಣ್ಣಾರ, ಇದು ನೋಡಾಕೋ, ಕೇಳಾಕೋ?” ಕೇಳಾಕ ಎಂದರೆ ಐದು ನಿಮಿಷ ಹೆಚ್ಚು ಕೂರಿಸಿಕೊಂಡು, ಒಂದೊಂದೇ ಪುಟ ಒಳಗೆ ಇಳಿದು, ಆ ಅನುಮತಿಗಳನ್ನೆಲ್ಲ ತಾವೇ ಕೊಟ್ಟು ಕಳಿಸುತ್ತಾರೆ. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ.